ಹಳೆಯ ನೆಲಹಾಸು ಕೀಳುವಾಗ ಕೆಳಗಿನ ಕಾಂಕ್ರೀಟ್ ಉಳಿಸಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಪೆಟ್, ವಿನೈಲ್, ಟೈಲ್ಸ್, ಮರ ಯಾವುದೇ ಇರಲಿ, ಹಳೆಯದನ್ನು ತೆಗೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಮೊದಲು ಸುಲಭದವು, ಆಮೇಲೆ ಯಂತ್ರ ಮತ್ತು ದುರಸ್ತಿಯ ವಿಷಯ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿಕೊಂಡರೂ ಸಾಕು. ಆದರೆ ಕಲ್ನಾರಿನ (ಆಸ್‌ಬೆಸ್ಟಾಸ್) ಬಗೆಗಿನ ಉತ್ತರವನ್ನು ಮಾತ್ರ ಎಲ್ಲರೂ ಓದಿ.

## ಕೈ ಹಾಕುವ ಮುನ್ನ

ಕಾಂಕ್ರೀಟ್ ಅಂದ್ರೆ ಬಂಡೆ ಥರ ಗಟ್ಟಿ. ಒಂದು ಹಾಸು ಕಿತ್ತರೆ ಅದಕ್ಕೇನು ಆಗುತ್ತೆ?

ಮೇಲಿಂದ ಭಾರ ಹೇರಿದರೆ ಕಾಂಕ್ರೀಟ್ ನಿಜಕ್ಕೂ ಗಟ್ಟಿ. ಎಳೆತಕ್ಕೆ ಮಾತ್ರ ಅದು ತೀರ ಬಡವ. ಒತ್ತಡ ತಾಳುವ ಶಕ್ತಿಯ ಸುಮಾರು ಹತ್ತನೇ ಒಂದು ಪಾಲಿನಷ್ಟು ಎಳೆತವನ್ನು ಮಾತ್ರ ಅದು ತಾಳಬಲ್ಲದು. ಸ್ಲ್ಯಾಬ್ ಹಾಕುವಾಗ ಮೇಲಕ್ಕೆ ತೇಲಿ ಬಂದ ಸಿಮೆಂಟ್ ಹಾಲಿನಿಂದ ಆದ ಒಂದೆರಡು ಮಿಲಿಮೀಟರ್ ಮೇಲ್ಪೊರೆ ಇನ್ನೂ ದುರ್ಬಲ. ನೆಲಹಾಸಿನ ಅಂಟು ಹಿಡಿದಿರುವುದು ಆ ಪೊರೆಯನ್ನೇ. ಹಾರೆ ಕೊಟ್ಟು ಮೇಲಕ್ಕೆ ಮೀಟಿದರೆ ಅಂಟು ಬಿಡುವ ಮೊದಲು ಪೊರೆಯೇ ಕಿತ್ತು ಬರುತ್ತದೆ. ಹಾಗಾಗಿ ಈ ಕೆಲಸದಲ್ಲಿ ಎಷ್ಟು ಬಲ ಹಾಕುತ್ತೀರಿ ಎನ್ನುವುದಕ್ಕಿಂತ ಅದನ್ನು ಯಾವ ದಿಕ್ಕಿಗೆ ಹಾಕುತ್ತೀರಿ ಎನ್ನುವುದೇ ಮುಖ್ಯ. ಹಾಸಿನ ಅಡಿಗೆ ಅಡ್ಡಡ್ಡಲಾಗಿ ತಳ್ಳಬೇಕು, ಮೇಲಕ್ಕೆ ಮೀಟಬಾರದು. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಈ ಒಂದು ಮಾತಿನ ವಿಸ್ತರಣೆಯೇ.

ಎಷ್ಟು ಪದರ ಇದೆ, ಕೆಳಗೆ ಏನಿದೆ ಅಂತ ಮೊದಲೇ ತಿಳಿಯೋದು ಹೇಗೆ?

ಬಾಗಿಲ ಹೊಸ್ತಿಲ ಅಂಚು, ಗೋಡೆ ಬೀರುವಿನ ಒಳಭಾಗ, ಸ್ಕರ್ಟಿಂಗ್ ಬಿಚ್ಚಿದ ಜಾಗ ಈ ಮೂರು ಕಡೆ ನೋಡಿ, ಪದರಗಳು ಅಡ್ಡಕೊಯ್ತದಲ್ಲಿ ಕಾಣುತ್ತವೆ. ಕಲ್ನಾರಿನ ಅನುಮಾನ ಇಲ್ಲದಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ 30 ಸೆಂ.ಮೀ. ಚೌಕವೊಂದನ್ನು ಪೂರ್ತಿ ಬಿಡಿಸಿ. ಆ ಚೌಕಕ್ಕೆ ಹಿಡಿದ ಸಮಯವನ್ನು ಕೋಣೆಯಲ್ಲಿ ಅಂಥ ಎಷ್ಟು ಚೌಕಗಳಿವೆಯೋ ಅದರಿಂದ ಗುಣಿಸಿದರೆ ಇಡೀ ಕೆಲಸಕ್ಕೆ ಎಷ್ಟು ದಿನ ಬೇಕೆಂಬ ಅಂದಾಜೂ ಸಿಗುತ್ತದೆ.

ತಳ ಸಿಕ್ಕ ಮೇಲೆ ಅದನ್ನು ಮೊಳೆಯಿಂದ ಗೀರಿ. ಕಾಂಕ್ರೀಟ್ ಆಗಿದ್ದರೆ ತೆಳು ಗೆರೆ ಮಾತ್ರ ಮೂಡುತ್ತದೆ. ಬಿಳಿ ಪುಡಿ ಎದ್ದು ಕಾಲುವೆಯಂತೆ ಕೊರೆದರೆ ಅದು ಕಾಂಕ್ರೀಟ್ ಅಲ್ಲ, ಮೇಲೆ ಹಾಕಿದ ಜಿಪ್ಸಂ ಲೆವೆಲಿಂಗ್ ಪದರ. ನೀರು ಸುರಿದರೆ ಅದು ಮೆತ್ತಗಾಗುತ್ತದೆ, ಬ್ರೇಕರ್ (ಕುಟ್ಟಿ ಒಡೆಯುವ ಯಂತ್ರ) ಇಟ್ಟರೆ ಹೋಳಾಗುತ್ತದೆ. ಅಲ್ಲಿ ಕೈ ಸ್ಕ್ರೇಪರ್ (ಕೆರೆಯುವ ಅಲಗು) ಬಿಟ್ಟು ಬೇರೆ ದಾರಿಯಿಲ್ಲ.

ಹಳೇ ಟೈಲ್ಸ್ ಅಡಿಯಲ್ಲಿ ಕಪ್ಪು ಅಂಟಿದೆ. ಆಸ್‌ಬೆಸ್ಟಾಸ್ ಇರಬಹುದಾ?

ಇರಬಹುದು. ಆಸ್‌ಬೆಸ್ಟಾಸ್, ಅಂದರೆ ಕಲ್ನಾರು, ನೆಲದ ಸಾಮಗ್ರಿಗಳಲ್ಲಿ ದಶಕಗಟ್ಟಲೆ ಬಳಕೆಯಲ್ಲಿತ್ತು. 1980ಕ್ಕಿಂತ ಹಿಂದಿನ 9 ಇಂಚು ಚೌಕದ ಗಡುಸಾದ ಬಿಲ್ಲೆಗಳು, ಡಾಂಬರಿನಂಥ ಕಪ್ಪು ಅಂಟು, ವಿನೈಲ್ ಹಾಳೆಯ ಬೆನ್ನಿಗಿರುವ ಬೂದುಬಣ್ಣದ ಕಾಗದದಂಥ ಪದರ ಇವು ಮೂರೂ ಅನುಮಾನಕ್ಕೆ ಕಾರಣವಾಗಬೇಕು. ಬಣ್ಣ, ಅಳತೆ ನೋಡಿ ಖಚಿತವಾಗಿ ಹೇಳಲು ಯಾರಿಂದಲೂ ಆಗದು. ಸೂಕ್ಷ್ಮದರ್ಶಕ ಇರುವ ಪ್ರಯೋಗಾಲಯಕ್ಕೇ ಮಾದರಿ ಹೋಗಬೇಕು. ಬಿಲ್ಲೆಗೊಂದು, ಅಂಟಿಗೊಂದು ಬೇರೆ ಬೇರೆ ಮಾದರಿ ಕಳಿಸಿ. ಬಿಲ್ಲೆಯಲ್ಲಿ ಇಲ್ಲದ ಕಲ್ನಾರು ಅಂಟಿನಲ್ಲಿ ಸಿಗುವುದುಂಟು.

ಫಲಿತಾಂಶ ಬರುವವರೆಗೆ ಅದನ್ನು ಉಜ್ಜಬೇಡಿ, ಗ್ರೈಂಡ್ ಮಾಡಬೇಡಿ, ಒಣಗಿದ್ದಾಗ ಕೆರೆಯಬೇಡಿ, ಪೊರಕೆಯಿಂದಲೂ ಗುಡಿಸಬೇಡಿ. ಇದೆ ಎಂದು ಖಚಿತವಾದರೆ ತೆಗೆಯುವ ಕೆಲಸ ಅದಕ್ಕೆ ಪರವಾನಗಿ ಇರುವವರದ್ದು. ಬಿಲ್ಲೆಗಳು ಬಿರುಕಿಲ್ಲದೆ ಗಟ್ಟಿಯಾಗಿ ಕೂತಿದ್ದರೆ ಇನ್ನೂ ಒಳ್ಳೆಯ ದಾರಿ ಒಂದಿದೆ. ಅದರ ಮೇಲೇ ಹೊಸ ನೆಲ ಹಾಕಿಬಿಡುವುದು. ನಾರು ಗಾಳಿಗೆ ಬರದಿದ್ದರೆ ಅಪಾಯವಿಲ್ಲ. ತೆಗೆಯಲೇಬೇಕೆಂಬ ಹಟಕ್ಕೆ ಬಿದ್ದಾಗಲೇ ಅದು ಗಾಳಿಗೆ ಬರುವುದು.

ಮಾಸ್ಕ್, ಕನ್ನಡಕ ಎಲ್ಲ ನಿಜವಾಗ್ಲೂ ಬೇಕಾ?

ಕಾಂಕ್ರೀಟ್, ಗಾರೆ, ಟೈಲ್ಸ್ ಮೂರರಲ್ಲೂ ಸಿಲಿಕಾ ಇದೆ. ಅದರ ನುಣುಪು ದೂಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಒಂದು ಘನ ಮೀಟರ್ ಗಾಳಿಯಲ್ಲಿ 50 ಮೈಕ್ರೋಗ್ರಾಂಗಿಂತ ಹೆಚ್ಚು ಸಿಲಿಕಾ ಇರಕೂಡದು ಎನ್ನುತ್ತದೆ. ಅಷ್ಟು ದೂಳು ಕಣ್ಣಿಗೆ ಕಾಣುವುದೇ ಇಲ್ಲ. ಕೈಯಲ್ಲಿ ಕೆರೆಯುವಾಗ ಎನ್95 ಮಾಸ್ಕ್, ಗ್ರೈಂಡರ್ ಹಿಡಿದಾಗ ಪಿ100 ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಹಾಕಿ. ಬಟ್ಟೆ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಸುತ್ತ ಮುಚ್ಚಿದ ಕನ್ನಡಕ, ದಪ್ಪ ಕೈಗವಸು, ಮೊಣಕಾಲು ಪ್ಯಾಡ್ ಕೂಡ ಬೇಕು. ಒಡೆದ ಟೈಲ್ಸ್ ಚೂರು ಗಾಜಿನಷ್ಟೇ ಹರಿತ.

## ಹಾಸಿಗೆ ತಕ್ಕ ಉಪಾಯ

ಅಂಟಿಸಿದ ಕಾರ್ಪೆಟ್ ಎಳೆದರೆ ಬರ್ತಾನೇ ಇಲ್ಲ. ಹೇಗೆ ತೆಗೆಯೋದು?

ಇಡೀ ಕಾರ್ಪೆಟ್ಟನ್ನು ಒಟ್ಟಿಗೆ ಎಳೆದರೆ ಸೊಂಟ ಹಿಡಿಯುತ್ತದೆ, ಕಾರ್ಪೆಟ್ ಬರುವುದಿಲ್ಲ. ಕಟ್ಟರ್‌ನಿಂದ 30 ಸೆಂ.ಮೀ. ಅಗಲದ ಪಟ್ಟಿಗಳಾಗಿ ಸೀಳಿ. ಒಂದು ತುದಿಯನ್ನು ಸ್ಕ್ರೇಪರ್‌ನಿಂದ ಬಿಡಿಸಿಕೊಂಡು, ಪಟ್ಟಿಯನ್ನು ಹಿಂದಕ್ಕೆ ಮಡಚಿ, ನೆಲಕ್ಕೆ ಹತ್ತಿರವಾಗಿ ಎಳೆಯುತ್ತಾ ಹೋಗಿ. ಮಡಿಕೆಯ ಸಂದಿಗೆ ಇನ್ನೊಬ್ಬರು ಉದ್ದ ಹಿಡಿಯ ಸ್ಕ್ರೇಪರ್ ತಳ್ಳುತ್ತಿದ್ದರೆ ಕೆಲಸ ಬೇಗ ಸಾಗುತ್ತದೆ. ಹಳೆಯ ಫೋಮ್ ಬೆನ್ನು ಪುಡಿಪುಡಿಯಾಗಿ ನೆಲದಲ್ಲೇ ಉಳಿದರೆ ಗಾಬರಿ ಬೇಡ, ಒಣಗಿರುವಾಗಲೇ ಕೆರೆದರೆ ಸುಲಭವಾಗಿ ಬರುತ್ತದೆ. ನೀರು ಹಾಕಿದರೆ ಅದು ಅಂಟಂಟಾಗಿ ಕೆಲಸ ಕೆಡುತ್ತದೆ.

ಗೋಡೆಯಂಚಿನಲ್ಲಿ ಕಾರ್ಪೆಟ್ ಹಿಡಿದಿಡುವ ಮೊಳೆಪಟ್ಟಿ ಕಿತ್ತರೆ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಏಳ್ತಿದೆ, ಏನು ಮಾಡ್ಲಿ?

ಕಾರ್ಪೆಟ್ ತೆಗೆಯುವಾಗ ಕಾಂಕ್ರೀಟಿಗೆ ಆಗುವ ಹಾನಿ ಹೆಚ್ಚಾಗಿ ಇಲ್ಲಿಯದೇ. ಮೊಳೆ ನೇರ ಮೇಲಕ್ಕೆ ಬಂದಾಗ ತನ್ನ ಸುತ್ತಲಿನ ಕಾಂಕ್ರೀಟನ್ನು ಕೊಳವೆಬಾಯಿಯ ಆಕಾರದಲ್ಲಿ ಎಬ್ಬಿಸಿಕೊಂಡೇ ಬರುತ್ತದೆ. ಚಪ್ಪಟೆ ಮೀಟುಗೋಲನ್ನು ಪಟ್ಟಿಯ ನಡುವೆ ಇಡದೆ ಮೊಳೆಯ ಪಕ್ಕದಲ್ಲೇ ಇಡಿ. ಕೋಲಿನ ಬೆನ್ನಿಗೆ ತೆಳು ತಗಡನ್ನೋ ಮರದ ಚೂರನ್ನೋ ಕೊಡಿ. ಆಗ ಭಾರ ಹಂಚಿಹೋಗುತ್ತದೆ. ಒಂದೇ ಬಾರಿಗೆ ಕೀಳದೆ ಎರಡು ಮೂರು ಮಿಲಿಮೀಟರ್ ಎಬ್ಬಿಸಿ ಮುಂದಿನ ಮೊಳೆಗೆ ಹೋಗಿ, ಮತ್ತೆ ಮೊದಲಿಂದ ಬನ್ನಿ.

ಇಷ್ಟಾದರೂ ಚಕ್ಕೆ ಏಳುತ್ತಿದ್ದರೆ ಪಟ್ಟಿಯ ಮರವನ್ನು ಉಳಿಯಿಂದ ಸೀಳಿ ತೆಗೆದು, ಮೊಳೆಯನ್ನು ಗ್ರೈಂಡರ್‌ನಿಂದ ನೆಲಮಟ್ಟಕ್ಕೆ ಕತ್ತರಿಸಿಬಿಡಿ. ಒಳಗೆ ಉಳಿದ ಮೊಳೆ ಯಾರಿಗೂ ತೊಂದರೆ ಕೊಡುವುದಿಲ್ಲ. ನೆಲ ಒದ್ದೆಯಾಗುವ ಜಾಗವಾದರೆ ಮಾತ್ರ ತುದಿಗೆ ತುಕ್ಕು ತಡೆಯುವ ಪ್ರೈಮರ್ ಒಂದು ಹನಿ ಹಚ್ಚಿ.

ವಿನೈಲ್ ಹಾಳೆಯ ಮೇಲ್ಪದರ ಮಾತ್ರ ಬಂತು, ಕಾಗದದಂಥದ್ದು ಕೆಳಗೇ ಉಳೀತು. ಈಗ?

ಅದು ವಿನೈಲಿನ ಬೆನ್ನು. ಕಲ್ನಾರಿಲ್ಲ ಎಂದು ಪರೀಕ್ಷೆಯಲ್ಲಿ ಗೊತ್ತಾದ ಮೇಲಷ್ಟೇ ಮುಂದುವರಿಯಿರಿ. ಬಿಸಿನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ದ್ರವ ಬೆರೆಸಿ, ಹಳೆಯ ಟವೆಲ್ ಅದ್ದಿ ಮೇಲೆ ಹಾಸಿ, 20ರಿಂದ 30 ನಿಮಿಷ ಬಿಡಿ. ಕಾಗದ ಮುದ್ದೆಯಾದ ಮೇಲೆ ಅಗಲದ ಸ್ಕ್ರೇಪರ್‌ನಿಂದ ತಳ್ಳಿದರೆ ಚಪಾತಿ ಹಿಟ್ಟಿನಂತೆ ಸುರುಳಿಯಾಗಿ ಬರುತ್ತದೆ. ಒಂದು ಚದರ ಮೀಟರ್ ಕೆರೆಯುವಾಗ ಪಕ್ಕದ ಮೀಟರ್ ನೆನೆಯುತ್ತಿರಲಿ. ನೀರು ಹೊಂಡವಾಗಿ ನಿಲ್ಲುವಷ್ಟು ಸುರಿದರೆ ಕಾಂಕ್ರೀಟ್ ಕುಡಿದುಬಿಡುತ್ತದೆ, ಹೊಸ ಅಂಟು ಹಚ್ಚಲು ಅಷ್ಟು ದಿನ ಹೆಚ್ಚು ಕಾಯಬೇಕಾಗುತ್ತದೆ.

ವಿನೈಲ್ ಬಿಲ್ಲೆಗಳಿಗೆ ಬಿಸಿ ಕೊಡಬೇಕಾ, ತಣ್ಣಗೆ ಮಾಡಬೇಕಾ? ಇಬ್ಬರು ಇಬ್ಬಗೆ ಹೇಳ್ತಾರೆ.

ಇಬ್ಬರೂ ಸರಿಯೇ. ಬಿಸಿಯಾದರೆ ಬಿಲ್ಲೆ ಬಾಗುತ್ತದೆ, ಅಂಟು ಮೆತ್ತಗಾಗುತ್ತದೆ. ತಣ್ಣಗಾದರೆ ಎರಡೂ ಗಾಜಿನಂತೆ ಪೆಡಸಾಗಿ, ಅಂಚಿಗೆ ಪೆಟ್ಟು ಕೊಟ್ಟರೆ ಹಾರಿಬರುತ್ತವೆ. ಹೀಟ್ ಗನ್ ಆದರೆ 8–10 ಸೆಂ.ಮೀ. ದೂರದಲ್ಲಿ ಹಿಡಿದು ಆಡಿಸುತ್ತಲೇ ಇರಿ, ಅಂಚು ತಾನಾಗಿ ಸಡಿಲವಾದಾಗ ಸ್ಕ್ರೇಪರ್ ತೂರಿಸಿ. ಒಣ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಬಳಸುವವರೂ ಇದ್ದಾರೆ. ಅದರ ತಾಪ ಮೈನಸ್ 78 ಡಿಗ್ರಿ ಸೆಲ್ಸಿಯಸ್. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರ ಅನಿಲ ಉಸಿರು ಕಟ್ಟಿಸುತ್ತದೆ. ಕೋಣೆ ದೊಡ್ಡದಾದರೆ ಇದು ಕೈಗೂಡುವ ಮಾತಲ್ಲ.

ಬೆಂಕಿಯ ಜ್ವಾಲೆ ಮಾತ್ರ ಬೇಡವೇ ಬೇಡ. ಅಂಟಿನ ಹೊಗೆ ವಿಷ ಎಂಬುದೊಂದು ಕಾರಣ. ಕಾಂಕ್ರೀಟ್ ಒಳಗಿನ ತೇವ ಆವಿಯಾಗಿ ಹೊರಗೆ ಬರಲು ದಾರಿಯಿಲ್ಲದೆ ಮೇಲ್ಪೊರೆಯನ್ನು ಸಿಡಿಸುತ್ತದೆ ಎಂಬುದು ಇನ್ನೊಂದು.

ಸೆರಾಮಿಕ್ ಟೈಲ್ಸ್ ಒಡೆದರೆ ಕಾಂಕ್ರೀಟೂ ಜೊತೆಗೇ ಎದ್ದು ಬರುತ್ತೆ. ತಪ್ಪು ಎಲ್ಲಾಗ್ತಿದೆ?

ಬಹುಮಟ್ಟಿಗೆ ಎರಡು ಕಡೆ: ಉಳಿಯ ಕೋನದಲ್ಲಿ, ಮತ್ತು ಎಲ್ಲವನ್ನೂ ಒಂದೇ ಪೆಟ್ಟಿಗೆ ತೆಗೆಯುವ ಅವಸರದಲ್ಲಿ.

ಮೊದಲು ಸುತ್ತಿಗೆಯ ಹಿಡಿಯಿಂದ ನೆಲವನ್ನೆಲ್ಲ ತಟ್ಟಿ. ಪೊಳ್ಳು ಸದ್ದು ಬರುವ ಟೈಲ್ಸ್‌ಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಲ್ಲಿಂದಲೇ ಆರಂಭಿಸಿ. ಆ ಟೈಲ್ಸ್ ಸುತ್ತಲಿನ ಸಂದಿಯ ಗ್ರೌಟನ್ನು ಮೊದಲೇ ಕೊರೆದು ತೆಗೆದು, ನಡುವೆ ಸಣ್ಣ ಸುತ್ತಿಗೆಯಿಂದ ಒಡೆದು ಚೂರು ತೆಗೆಯಿರಿ. ಈಗ ಪಕ್ಕದ ಟೈಲ್ಸ್‌ನ ಬದಿ, ಅದರ ಅಡಿಯ ಗಾರೆ, ಕೆಳಗಿನ ಕಾಂಕ್ರೀಟ್ ಮೂರೂ ಬೇರೆ ಬೇರೆಯಾಗಿ ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಕಾಣುವವರೆಗೆ ಬಿಡಿಸಿ. ಕಾಣದ ಗೆರೆಗೆ ಉಳಿ ಕೊಡಲಾಗದು.

ಯಂತ್ರ ಬಳಸುವುದಾದರೆ ಮೂರು ನಾಲ್ಕು ಕಿಲೋ ತೂಕದ ಹ್ಯಾಮರ್ ಡ್ರಿಲ್ ಸಾಕು. ಡ್ರಿಲ್ ತಿರುಗುವುದನ್ನು ನಿಲ್ಲಿಸಿ ಪೆಟ್ಟು ಮಾತ್ರ ಇರುವಂತೆ ಮಾಡಿ, 50–75 ಮಿ.ಮೀ. ಅಗಲದ ಚಪ್ಪಟೆ ಉಳಿ ಸಿಕ್ಕಿಸಿ. ಚೂಪು ಮೊನೆಯ ಉಳಿ ಪೆಟ್ಟಿಗೆಯಲ್ಲೇ ಇರಲಿ, ಅದು ಇರುವುದೇ ಕಾಂಕ್ರೀಟ್ ಒಡೆಯಲು. ಉಳಿ ನೆಲಕ್ಕೆ 20ರಿಂದ 30 ಡಿಗ್ರಿ ಕೋನದಲ್ಲಿರಬೇಕು. 45 ದಾಟಿತೆಂದರೆ ಬಲವೆಲ್ಲ ಕೆಳಕ್ಕೆ ಹೋಗಿ ಗುಳಿ ಬೀಳುತ್ತದೆ. ಕೆಲಸ ಮಾಡುವವರಿಗೆ ದಣಿವಾದಂತೆ ಕೈ ತಾನಾಗಿ ಮೇಲೇರಿ ಕೋನ ಕಡಿದಾಗುತ್ತದೆ. ಮಧ್ಯಾಹ್ನದ ಮೇಲೆ ಬೀಳುವ ಗುಳಿಗಳಿಗೆ ಕಾರಣ ಇದೇ.

ಮೊದಲ ಸುತ್ತಿನಲ್ಲಿ ಟೈಲ್ಸ್ ಮಾತ್ರ ತೆಗೆಯಿರಿ, ಗಾರೆ ಉಳಿದರೆ ಉಳಿಯಲಿ. ಎರಡನೇ ಸುತ್ತಿನಲ್ಲಿ ಅದೇ ಉಳಿಯನ್ನು ಇನ್ನೂ ಮಲಗಿಸಿ ಹಿಡಿದು ಗಾರೆಯ ದಿಣ್ಣೆಗಳನ್ನು ಎಬ್ಬಿಸಿ. ಕೊನೆಯ ಒಂದೆರಡು ಮಿಲಿಮೀಟರ್ ಗ್ರೈಂಡರ್‌ಗೆ ಬಿಡಿ. ಟೈಲ್ಸ್ ದಪ್ಪ ಗಾರೆ ಹಾಸಿನ ಮೇಲೆ ಕೂತಿದ್ದರೆ ವಿಷಯ ಬೇರೆ. ಆಗ 30 ಸೆಂ.ಮೀ. ಚೌಕಗಳಾಗಿ ಗೆರೆ ಕೊರೆದು ಹಾಸು ಸಮೇತ ಎತ್ತುವುದೇ ಸುಲಭ. ಗೆರೆಯ ಆಳ ಹಾಸಿನ ದಪ್ಪಕ್ಕಿಂತ ಕಡಿಮೆಯೇ ಇರಲಿ. 50 ಮಿ.ಮೀ. ದಪ್ಪದ ಗಾರೆ ಚದರ ಮೀಟರಿಗೆ ಸುಮಾರು 100 ಕಿಲೋ ತೂಗುತ್ತದೆ. ಮಹಡಿಯ ಮೇಲಾದರೆ ಅವಶೇಷವನ್ನು ಒಂದೇ ಕಡೆ ರಾಶಿ ಹಾಕದೆ ಆಗಿಂದಾಗ್ಗೆ ಕೆಳಗಿಳಿಸಿ, ಚೀಲಗಳನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

ಮರದ ನೆಲವನ್ನು ಕಾಂಕ್ರೀಟಿಗೇ ಅಂಟಿಸಿದ್ದಾರೆ. ಲ್ಯಾಮಿನೇಟ್ ಥರ ಬಿಚ್ಚೋಕೆ ಆಗುತ್ತಾ?

ಆಗದು. ಲ್ಯಾಮಿನೇಟ್ ಅಂಟಿಲ್ಲದೆ ತೇಲುತ್ತಿರುತ್ತದೆ, ಅಂಚಿನ ಹಲಗೆ ಎತ್ತಿದರೆ ಉಳಿದವು ಒಂದೊಂದಾಗಿ ಬರುತ್ತವೆ. ಅಂಟಿಸಿದ ಮರಕ್ಕೆ ಸುತ್ತುಗರಗಸ ಬೇಕು. ಮರದ ದಪ್ಪ ಅಳೆದು, ಅದಕ್ಕಿಂತ ಒಂದು ಮಿಲಿಮೀಟರ್ ಕಡಿಮೆ ಆಳಕ್ಕೆ ಗರಗಸ ಹೊಂದಿಸಿ, ಹಲಗೆಗೆ ಅಡ್ಡವಾಗಿ 20–25 ಸೆಂ.ಮೀ.ಗೊಂದರಂತೆ ಕೊಯ್ಯಿರಿ. ತುಂಡು ಚಿಕ್ಕದಾದಷ್ಟೂ ಅಂಟಿನ ಹಿಡಿತ ಕಡಿಮೆ, ಕಾಂಕ್ರೀಟಿನ ಮೇಲಿನ ಎಳೆತವೂ ಕಡಿಮೆ. ರಬ್ಬರಿನಂಥ ಪಾಲಿಯುರೆಥೇನ್ ಅಂಟು ಕೆಳಗೆ ಉಳಿದರೆ ಹೊಸ ಬ್ಲೇಡಿನ ಸ್ಕ್ರೇಪರ್ ಬೇಕು. ಮೊಂಡು ಬ್ಲೇಡ್ ಅದನ್ನು ಬರೀ ಸವರುತ್ತದೆ.

## ಉಳಿದ ಅಂಟಿನ ಪಾಡು

ಅಂಟು ಯಾವುದು ಅಂತ ಗುರುತಿಸೋದು ಹೇಗೆ?

ನೋಟ ಮತ್ತು ನೀರು, ಎರಡರಿಂದ ಅಂದಾಜು ಸಿಗುತ್ತದೆ. ಹಳದಿ ಅಥವಾ ಕೆನೆಬಣ್ಣದ್ದು ಸಾಮಾನ್ಯವಾಗಿ ನೀರಿನ ಮೂಲದ ಅಕ್ರಿಲಿಕ್. ಬಿಸಿನೀರಿನ ಟವೆಲ್ ಇಟ್ಟರೆ ಮೆತ್ತಗಾಗುತ್ತದೆ. ಕಪ್ಪು, ತೆಳು, ಹೊಳಪಿನದ್ದು ಡಾಂಬರು ಮೂಲದ್ದು. ಬೂದು ಬಣ್ಣದ ಮರಳು ಮರಳಾದದ್ದು ಸಿಮೆಂಟ್ ಅಂಟು, ಅದಕ್ಕೆ ನೀರೂ ಬಿಸಿಯೂ ನಾಟುವುದಿಲ್ಲ. ಉಗುರು ಒತ್ತಿದರೆ ತಗ್ಗಿ ಮರಳುವುದು ಪಾಲಿಯುರೆಥೇನ್. ಉಗುರೇ ಇಳಿಯದಷ್ಟು ಗಡುಸಾಗಿ ಹೊಳೆಯುವುದು ಎಪಾಕ್ಸಿ.

ಒಂದು ಕಲೆಯೂ ಇಲ್ಲದ ಹಾಗೆ ಕೆರೆದು ತೆಗೀಲೇಬೇಕಾ?

ಹೆಚ್ಚಿನ ಸಲ ಬೇಡ, ಮತ್ತು ಕಾಂಕ್ರೀಟ್ ಹಾಳಾಗುವುದು ಈ ಅತಿ ಶುಚಿತ್ವದಿಂದಲೇ. ತೇಲುವ ಲ್ಯಾಮಿನೇಟ್, ಒಂದಕ್ಕೊಂದು ಸಿಕ್ಕಿಸುವ ಕ್ಲಿಕ್ ವಿನೈಲ್ ಹಾಕುವುದಾದರೆ ಉಬ್ಬುಗಳನ್ನು ಸವರಿ ಸಮ ಮಾಡಿದರೆ ಮುಗಿಯಿತು. ಅಂಟಿಸುವ ವಿನೈಲ್‌ಗೆ ಹಳೆಯ ಅಂಟಿನ ಗೆರೆಗಳೆಲ್ಲ ಹೋಗಿ, ಬೆರಳಿಗೆ ಸಿಗದಷ್ಟು ತೆಳು ಕಲೆ ಉಳಿದರೆ ನಡೆಯುತ್ತದೆ. ಆದರೂ ಹೊಸ ಅಂಟಿನ ಡಬ್ಬಿಯ ಮೇಲೆ ಏನಿದೆ ನೋಡಿ. ಟೈಲ್ಸ್ ಅಥವಾ ಲೆವೆಲಿಂಗ್ ಸಿಮೆಂಟ್ ಹಾಕುವುದಾದರೆ ಮಾತ್ರ ನಿಜವಾದ ಕಾಂಕ್ರೀಟ್ ಕಾಣಬೇಕು. ಅವು ರಂಧ್ರಗಳಿಗೆ ಬೇರು ಬಿಟ್ಟೇ ಹಿಡಿಯುವಂಥವು.

ಅಂಟು ಕರಗಿಸೋ ಕೆಮಿಕಲ್ ಹಾಕಿದರೆ ಸುಲಭ ಅಲ್ವಾ?

ಹಾಕುವುದು ಸುಲಭ, ತೆಗೆಯುವುದು ಕಷ್ಟ. ಕರಗಿದ ಅಂಟು ತೆಳ್ಳಗಾಗಿ ಕಾಂಕ್ರೀಟಿನ ರಂಧ್ರಗಳಿಗೆ ಇಳಿಯುತ್ತದೆ. ತಿಂಗಳು ಕಳೆದ ಮೇಲೆ ಅದೇ ದ್ರವ ಮೇಲೆ ಬಂದು ಹೊಸ ಅಂಟನ್ನೂ ಕರಗಿಸುತ್ತದೆ. ಹೊಸ ನೆಲವನ್ನು ಅಂಟಿಸುವ ಉದ್ದೇಶವಿದ್ದರೆ ಕೆಮಿಕಲ್ ಬೇಡವೆಂದೇ ನಮ್ಮ ಸಲಹೆ. ಕಾಂಕ್ರೀಟನ್ನು ಹಾಗೇ ಬಿಟ್ಟು ಪಾಲಿಶ್ ಮಾಡುವುದಾದರೂ ಕಲೆ ಆಳಕ್ಕೆ ಇಳಿದಿರುತ್ತದೆ. ಹಾಕಲೇಬೇಕೆಂದರೆ ಸೋಯಾ ಮೂಲದ ಜೆಲ್ ಆಯ್ದುಕೊಳ್ಳಿ. ಮೆಥಿಲೀನ್ ಕ್ಲೋರೈಡ್ ಇರುವ ಡಬ್ಬಿಯನ್ನು ಒಳಕೋಣೆಯಲ್ಲಿ ತೆರೆಯಲೇಬೇಡಿ, ಮುಚ್ಚಿದ ಜಾಗದಲ್ಲಿ ಅದರ ಆವಿ ಕುಡಿದು ಸತ್ತವರಿದ್ದಾರೆ.

ಆಸಿಡ್‌ಗೆ ಸಿಮೆಂಟ್ ಅಲ್ಲದ ಅಂಟು ಕರಗುವುದೇ ಇಲ್ಲ. ಅದು ತಿನ್ನುವುದು ಸಿಮೆಂಟನ್ನು. ಅಂಟು ಅಲ್ಲೇ ಇದ್ದು ಸುತ್ತಲಿನ ಕಾಂಕ್ರೀಟ್ ಸವೆಯುತ್ತದೆ, ಸಾಲದ್ದಕ್ಕೆ ಒಳಗಿನ ಕಬ್ಬಿಣಕ್ಕೆ ತುಕ್ಕು. ಪೆಟ್ರೋಲ್, ಸೀಮೆಎಣ್ಣೆ ಸುರಿದರೆ ಒಂದು ಸ್ವಿಚ್ಚಿನ ಕಿಡಿಗೆ ಕೋಣೆ ಹೊತ್ತಿಕೊಳ್ಳುತ್ತದೆ, ಜೊತೆಗೆ ಎಣ್ಣೆ ಕುಡಿದ ಕಾಂಕ್ರೀಟಿಗೆ ಮುಂದೆ ಏನೂ ಅಂಟುವುದಿಲ್ಲ.

ಗ್ರೈಂಡರ್ ಹಿಡಿದರೆ ನೆಲ ಬಟ್ಟಲು ಬಟ್ಟಲಾಗುತ್ತೆ. ಸಮ ಬರೋದು ಹೇಗೆ?

4 ಅಥವಾ 5 ಇಂಚಿನ ಗ್ರೈಂಡರ್‌ಗೆ ವಜ್ರದ ಬಟ್ಟಲು ಚಕ್ರ, ಅದರ ಸುತ್ತ ದೂಳು ಹೀರುವ ಮುಚ್ಚಳ, ಮುಚ್ಚಳಕ್ಕೆ ಅತಿ ನುಣುಪು ದೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಇವು ಮೂರೂ ಸೇರಿಯೇ ಒಂದು ಸಾಧನ ಎಂದು ಭಾವಿಸಿ. ಚಕ್ರದ ಮುಖ ಪೂರ್ತಿ ನೆಲಕ್ಕೆ ತಾಗಿರಬೇಕು. ಓರೆ ಮಾಡಿದರೆ ಅಂಚು ಚಂದ್ರಾಕಾರವಾಗಿ ಕೊರೆಯುತ್ತದೆ. ನೆಲಕ್ಕೆ ತಾಗುವ ಮೊದಲೇ ತಿರುಗಿಸಲು ಆರಂಭಿಸಿ, ಎತ್ತಿದ ಮೇಲೆ ನಿಲ್ಲಿಸಿ. ಮೈಭಾರ ಹಾಕದೆ ಯಂತ್ರದ ತೂಕವನ್ನಷ್ಟೇ ಬಿಟ್ಟು, ರಂಗೋಲಿಯ ಸುಳಿಗಳಂತೆ ಒಂದರ ಮೇಲೊಂದು ಅರ್ಧ ಬರುವಂತೆ ಆಡಿಸಿ. ಒಂದೇ ಕಡೆ ಎರಡು ಸೆಕೆಂಡ್ ನಿಂತರೂ ತಗ್ಗು.

ಮೆತ್ತಗಿನ ಅಂಟನ್ನು ಇದರಿಂದ ತೆಗೆಯಲು ಹೋಗಬೇಡಿ. ಅದು ಬಿಸಿಗೆ ಕರಗಿ ವಜ್ರದ ಹಲ್ಲುಗಳ ನಡುವೆ ತುಂಬಿಕೊಂಡು ಚಕ್ರವನ್ನು ಬರೀ ಜಾರುವಂತೆ ಮಾಡುತ್ತದೆ. ಸ್ಕ್ರೇಪರ್‌ನಿಂದ ಆದಷ್ಟೂ ತೆಗೆದ ಮೇಲೆಯೇ ಗ್ರೈಂಡರ್. ಚಕ್ರ ಕಟ್ಟಿಕೊಂಡರೆ ಹಳೆಯ ಕಾಂಕ್ರೀಟ್ ಇಟ್ಟಿಗೆಯ ಮೇಲೆ ಒಂದು ನಿಮಿಷ ಉಜ್ಜಿ, ಹಲ್ಲು ತೆರೆದುಕೊಳ್ಳುತ್ತದೆ.

## ಯಂತ್ರ, ಅಪಾಯ, ದುರಸ್ತಿ

ಸ್ಲ್ಯಾಬ್ ಒಳಗೆ ಪೈಪು, ವೈರು ಇದ್ದರೆ?

ಮೇಲೆ ಕೆರೆಯುವುದರಿಂದ ಏನೂ ಆಗದು, ಒಳಗೆ ಇಳಿದರೆ ಅನಾಹುತ. ನೆಲ ಬೆಚ್ಚಗಿಡುವ ಪೈಪುಗಳು, ವಿದ್ಯುತ್ ಕೊಳವೆಗಳು ಕೆಲವೆಡೆ ಮೇಲ್ಮೈಗೆ ತೀರ ಹತ್ತಿರ ಇರುತ್ತವೆ. ಬಿಗಿದ ಉಕ್ಕಿನ ಹುರಿ ಇರುವ ಸ್ಲ್ಯಾಬ್ ಆದರೆ ಇನ್ನೂ ಎಚ್ಚರ ಬೇಕು. ಹುರಿ ತುಂಡಾದರೆ ಹಿಡಿದಿಟ್ಟ ಬಲವೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಕಾಂಕ್ರೀಟ್ ಸಿಡಿಯಬಹುದು. ಕಟ್ಟಡದ ನಕ್ಷೆ ನೋಡಿ, ಅನುಮಾನವಿದ್ದರೆ ಸ್ಕ್ಯಾನ್ ಮಾಡಿಸಿ. ಅಲ್ಲಿಯವರೆಗೆ ಬ್ರೇಕರ್ ಕೆಳಗಿಡಿ.

ಎಪಾಕ್ಸಿ ಬಳಿದ ನೆಲಕ್ಕೆ ಯಾವ ಯಂತ್ರ? ಶಾಟ್ ಬ್ಲಾಸ್ಟ್ ಮಾಡಿಸಿ ಅಂತಾರೆ.

ಅದು ಮುಂದೆ ಏನು ಹಾಕುತ್ತೀರಿ ಎಂಬುದರ ಮೇಲೆ ನಿಂತಿದೆ. ಕಾಂಕ್ರೀಟ್ ಮೇಲ್ಮೈಯ ಒರಟುತನವನ್ನು 1ರಿಂದ 10ರವರೆಗೆ ಎಣಿಸುವ ಕ್ರಮವಿದೆ, ಸಂಖ್ಯೆ ಹೆಚ್ಚಿದಷ್ಟೂ ಒರಟು. ತೆಳು ಲೇಪ, ಅಂಟಿಸುವ ಹಾಸುಗಳಿಗೆ 1ರಿಂದ 3 ಸಾಕು. ವಜ್ರದ ಗ್ರೈಂಡಿಂಗ್ ಅಷ್ಟನ್ನು ಕೊಡುತ್ತದೆ. ಉಕ್ಕಿನ ಗುಂಡು ಎರಚುವ ಶಾಟ್ ಬ್ಲಾಸ್ಟಿಂಗ್ ಅದಕ್ಕಿಂತ ಒರಟು ಮಾಡುತ್ತದೆ, ದಪ್ಪ ಪದರ ಹಾಕುವವರಿಗೆ ಅದು ಸರಿ. ಹಲ್ಲಿನ ಚಕ್ರಗಳಿಂದ ಕುಟ್ಟಿ ಕೊರೆಯುವ ಯಂತ್ರ ಎಪಾಕ್ಸಿಯನ್ನು ಎಲ್ಲಕ್ಕಿಂತ ಬೇಗ ತೆಗೆಯುತ್ತದೆ. ಆದರೆ ಆ ಪೆಟ್ಟಿಗೆ ಕಾಂಕ್ರೀಟಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳಾಗಿ, ಹೊಸ ಪದರ ಮುಂದೆ ಹಳೆಯ ಚರ್ಮದ ಸಮೇತ ಎದ್ದು ಬರುವ ಸಂಭವವಿದೆ. ಮನೆ ಒಳಗಿನ ನೆಲಕ್ಕೆ ಅದು ಬೇಡ. ಗ್ರೈಂಡಿಂಗ್ ಯಂತ್ರಕ್ಕೇ ಪಿಸಿಡಿ (ಕೃತಕ ವಜ್ರದ ಕಣ ಬೆಸೆದ) ಹಲ್ಲು ಹಾಕಿಸಿದರೆ ಎಪಾಕ್ಸಿ ಕರಗದೆ ಸಿಪ್ಪೆಯಾಗಿ ಬರುತ್ತದೆ.

ಎಷ್ಟು ಹುಷಾರಾಗಿದ್ದರೂ ಗುಳಿ ಬಿತ್ತು. ತುಂಬೋದು ಹೇಗೆ?

ಗುಳಿಯ ಅಂಚು ತೆಳುವಾಗಿ ಹರಡಿಕೊಂಡಿದ್ದರೆ ತುಂಬಿದ್ದು ಅಲ್ಲೇ ಬಿಡುತ್ತದೆ. ಆಳದ ಗುಳಿಗೆ ಅಂಚನ್ನು ಉಳಿಯಿಂದ ನೇರ ಮಾಡಿಕೊಳ್ಳಿ. ಸಡಿಲ ಚೂರು ತೆಗೆದು, ದೂಳನ್ನು ವ್ಯಾಕ್ಯೂಮ್ ಮಾಡಿ. ಸಿಮೆಂಟ್ ಮೂಲದ ಪ್ಯಾಚ್ ಆದರೆ ಮೊದಲು ಗುಳಿಗೆ ನೀರುಣಿಸಿ, ನಿಂತ ನೀರು ಒರೆಸಿ, ಮೈ ಒದ್ದೆ ಇದ್ದು ಮಿರುಗದ ಹದದಲ್ಲಿ ಮಿಶ್ರಣ ಒತ್ತಿ. ಒಣಗಿದ ಕಾಂಕ್ರೀಟಿಗೆ ಹಾಕಿದರೆ ಅದು ಮಿಶ್ರಣದ ನೀರನ್ನೇ ಹೀರಿ ಪ್ಯಾಚನ್ನು ಪುಡಿ ಮಾಡುತ್ತದೆ. ಪಾಲಿಮರ್ ಬೆರೆತ ಸಿದ್ಧ ಮಿಶ್ರಣಗಳಲ್ಲಿ ಕೆಲವಕ್ಕೆ ಒಣ ನೆಲವೇ ಬೇಕು, ಚೀಲದ ಸೂಚನೆಯೇ ಅಂತಿಮ. ಮೊಳೆಯ ತೂತಿನಂಥ ಸಣ್ಣ ಗುಳಿಗಳನ್ನು ಒಂದೊಂದಾಗಿ ತುಂಬುವುದಕ್ಕಿಂತ ಇಡೀ ಅಂಚಿಗೆ ಪುಟ್ಟಿಯಂತೆ ಎಳೆದುಬಿಡುವುದು ಲೇಸು.

ಕೂದಲೆಳೆಯ ಬಿರುಕು ಕಾಂಕ್ರೀಟ್ ಒಣಗುವಾಗಿನದು, ತಲೆ ಕೆಡಿಸಿಕೊಳ್ಳಬೇಡಿ. ಬಿರುಕಿನ ಒಂದು ಬದಿ ಎತ್ತರ, ಇನ್ನೊಂದು ತಗ್ಗಾಗಿದ್ದರೆ ಅದು ಹಾಸು ಕಿತ್ತದ್ದರಿಂದ ಆದದ್ದಲ್ಲ. ತುಂಬುವ ಮೊದಲು ಎಂಜಿನಿಯರ್ ನೋಡಲಿ.

ಹಾಸು ತೆಗೆದ ಮೇಲೆ ನೆಲದಲ್ಲಿ ಬಿಳಿ ಪುಡಿ ಏಳ್ತಿದೆ. ಕಾಂಕ್ರೀಟ್ ಹಾಳಾಯ್ತಾ?

ಇಲ್ಲ, ಅದು ತೇವದ ಗುರುತು. ಕೆಳಗಿನಿಂದ ಏರುವ ನೀರು ಉಪ್ಪನ್ನು ಹೊತ್ತು ತಂದು, ತಾನು ಆವಿಯಾಗಿ ಉಪ್ಪನ್ನು ಮೇಲೆ ಬಿಟ್ಟಿದೆ. ಹಳೆಯ ವಿನೈಲ್ ಅದನ್ನು ಇಷ್ಟು ದಿನ ಅಡಗಿಸಿಟ್ಟಿತ್ತು. ಒಣ ಬ್ರಷ್‌ನಿಂದ ಉಜ್ಜಿ ವ್ಯಾಕ್ಯೂಮ್ ಮಾಡಿ. 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ನೆಲಕ್ಕೆ ಅಂಟಿಸಿ 16 ಗಂಟೆ ಬಿಡಿ. ಒಳಗೆ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಿಟ್ಟಿದ್ದರೆ ತೇವ ಹೆಚ್ಚಿದೆ. ಹನಿ ಕಾಣದಿದ್ದ ಮಾತ್ರಕ್ಕೆ ಪೂರ್ತಿ ಒಣಗಿದೆ ಎನ್ನಲಾಗದು. ಮರದ ನೆಲ ಹಾಕುವವರು ಸ್ಲ್ಯಾಬಿನೊಳಗೆ ತೇವದ ಮೀಟರ್ ಇಟ್ಟು ಅಳೆಸಬೇಕು.

ಹೊಸದು ಹಾಕೋಕೆ ನೆಲ ರೆಡಿ ಅಂತ ಹೇಗೆ ಗೊತ್ತಾಗುತ್ತೆ?

ಅಲ್ಲಲ್ಲಿ ಒಂದೊಂದು ಹನಿ ನೀರು ಬಿಡಿ. ಒಂದು ನಿಮಿಷದೊಳಗೆ ಇಂಗಿದರೆ ಕಾಂಕ್ರೀಟಿನ ರಂಧ್ರ ತೆರೆದಿದೆ. ಮುತ್ತಿನಂತೆ ನಿಂತರೆ ಅಲ್ಲಿ ಅಂಟೋ ಮೇಣವೋ ಉಳಿದಿದೆ, ಇನ್ನೊಂದು ಸುತ್ತು ಗ್ರೈಂಡ್ ಮಾಡಿ. ಆಮೇಲೆ ಅಂಗೈ ಸವರಿ ನೋಡಿ. ಬಿಳಿ ದೂಳು ಅಂಟಿದರೆ ಮತ್ತೆ ವ್ಯಾಕ್ಯೂಮ್. ಪೊರಕೆಗೆ ಸಿಗದ ದೂಳೇ ಹೊಸ ಅಂಟಿನ ಶತ್ರು. ಕೊನೆಗೆ 3 ಮೀಟರಿನ ಮಟ್ಟಗೋಲನ್ನು ನೆಲದ ಮೇಲೆ ನಾಲ್ಕು ದಿಕ್ಕಿಗೂ ಮಲಗಿಸಿ. ಅಡಿಯಲ್ಲಿ 5 ಮಿ.ಮೀ. ಮೀರಿ ಬೆಳಕು ಕಂಡ ತಗ್ಗುಗಳಿಗೆ ಸೀಮೆಸುಣ್ಣದ ವೃತ್ತ ಎಳೆದು, ಅಲ್ಲಷ್ಟೇ ಲೆವೆಲಿಂಗ್ ಮಿಶ್ರಣ ಹಾಕಿ. ಉಬ್ಬಿದ್ದನ್ನು ತುಂಬಿ ಮುಚ್ಚಲು ಹೋಗದೆ ಸವೆಸಿಯೇ ತೆಗೆಯಿರಿ.